ಆಲ್ಫಾ ಹಂತದ ಆ್ಯಪ್‌ಗೆ ಬೀಟಾ ಅಂತ ಹೆಸರಿಟ್ಟು ನಾನು ಮಾಡಿದ ಅನಾಹುತ

ಆ್ಯಪ್ ಮಾಡುವವರಿಗೆ, ಅದರಲ್ಲೂ ಒಬ್ಬರೇ ಕೂತು ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ತಪ್ಪಿನಿಂದ ನಮ್ಮ ಬೀದಿಯ ಕಿರಾಣಿ ಅಂಗಡಿಯ ಅಕ್ಕನ 19 ದಿನದ ಉದ್ರಿ ಲೆಕ್ಕ ಅಳಿಸಿಹೋಯಿತು.

ಸಣ್ಣ ಅಂಗಡಿಗಳಿಗೆ ಉದ್ರಿ ಬರೆದಿಡುವ ಆಂಡ್ರಾಯ್ಡ್ ಆ್ಯಪ್ ಅದು. ಯಾರು ಏನು ಒಯ್ದರು, ಎಷ್ಟು ಕೊಟ್ಟರು, ಬಾಕಿ ಎಷ್ಟು. ಅಷ್ಟೇ. ನೋಡೋಕೆ ಚೆನ್ನಾಗಿತ್ತು. ಕನ್ನಡ ಅಕ್ಷರ ಎಲ್ಲೂ ಒಡೆಯುತ್ತಿರಲಿಲ್ಲ. ಆದರೆ ಒಳಗೆ ಇನ್ನೂ ಏನೂ ಗಟ್ಟಿಯಾಗಿರಲಿಲ್ಲ. ಡೇಟಾಬೇಸ್‌ನ ಟೇಬಲ್‌ಗಳನ್ನು ವಾರಕ್ಕೊಮ್ಮೆ ಬದಲಾಯಿಸುತ್ತಿದ್ದೆ. ಅದು ಆಲ್ಫಾ, ಅಂದರೆ ಇನ್ನೂ ಕಟ್ಟುತ್ತಿರುವ ಮೊದಲ ಹಂತ, ಅಂತ ನನಗೂ ಗೊತ್ತಿತ್ತು. ಆಲ್ಫಾ ಅಂತ ಹಾಕಿದರೆ ಯಾರೂ ಮುಟ್ಟುವುದಿಲ್ಲ ಅನ್ನುವ ಭಯ. ಬೀಟಾ ಅಂದರೆ ಕೆಲಸ ಹೆಚ್ಚುಕಡಿಮೆ ಮುಗಿದಿದೆ ಅನ್ನಿಸುತ್ತದೆ ಅಲ್ವಾ? ಅದಕ್ಕೇ ಪ್ಲೇ ಸ್ಟೋರ್‌ನ ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದಾದ ಓಪನ್ ಟೆಸ್ಟಿಂಗ್‌ಗೆ ಹಾಕಿ, ಬೀಟಾ ಅಂತ ಬರೆದೆ.

ಮುಂದೆ ಆದದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದೇ ಸಾಲು ನಿಮ್ಮ ಕೋಡ್‌ನಲ್ಲೂ ಇರಬಹುದು. ಆಂಡ್ರಾಯ್ಡ್‌ನ ಡೇಟಾ ಉಳಿಸಿಡುವ ರೂಮ್ ಲೈಬ್ರರಿಯಲ್ಲಿ ಟೇಬಲ್ ಬದಲಾಯಿಸಿದರೆ ವರ್ಷನ್ ಸಂಖ್ಯೆ ಏರಿಸಬೇಕು, ಹಳೆಯ ಡೇಟಾವನ್ನು ಹೊಸ ರೂಪಕ್ಕೆ ತರುವ ಮೈಗ್ರೇಷನ್ ಬರೆಯಬೇಕು. ಬರೆಯದಿದ್ದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಆ ಕಿರಿಕಿರಿ ಬೇಡ ಅಂತ ಶುರುವಿನಲ್ಲೇ 'ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಷನ್' ಅನ್ನುವ ಒಂದು ಸಾಲು ಸೇರಿಸಿದ್ದೆ. ಮೈಗ್ರೇಷನ್ ಸಿಗದಿದ್ದರೆ ಹಳೆಯದನ್ನೆಲ್ಲ ಅಳಿಸಿ ಖಾಲಿ ಟೇಬಲ್ ಮಾಡಿಕೋ ಅಂತ ಅದರ ಅರ್ಥ. ಎರರ್ ಬರುವುದಿಲ್ಲ. ಯಾರನ್ನೂ ಕೇಳುವುದೂ ಇಲ್ಲ. ನನ್ನ ಫೋನ್‌ನಲ್ಲಿ ಇದ್ದದ್ದು ಸುಮ್ನೆ ತುಂಬಿದ ಹೆಸರುಗಳು. ವಾರ ವಾರ ಅಳಿಸಿಹೋದರೂ ನನಗೆ ಅದು ನಷ್ಟ ಅನ್ನಿಸಿರಲಿಲ್ಲ.

ಗಿರಾಕಿಯ ಫೋನ್ ನಂಬರಿಗೆ ಅಂತ ಒಂದು ಹೊಸ ಕಾಲಂ ಸೇರಿಸಿ, ಮೈಗ್ರೇಷನ್ ಬರೆಯದೆ ಅಪ್‌ಡೇಟ್ ಬಿಟ್ಟೆ. ಅಕ್ಕ ರಾತ್ರಿ ಫೋನ್ ಚಾರ್ಜಿಗೆ ಹಾಕಿ ಮಲಗಿದ್ದರು. ಅಪ್‌ಡೇಟ್ ತಾನಾಗಿ ಇಳಿಯಿತು. ಬೆಳಿಗ್ಗೆ ಹಾಲಿನ ಹೊತ್ತಿಗೆ ಆ್ಯಪ್ ತೆರೆದರೆ ಒಂದು ಹೆಸರೂ ಇಲ್ಲ.

ಅವರು ಕರೆದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಬೀಟಾ ಅಂತ ಬರೆದಿತ್ತಲ್ಲ ಅಕ್ಕ." ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

"ಹಂಗಂದ್ರೆ ಏನು ಅಂತ ನಂಗೇನಪ್ಪ ಗೊತ್ತು? ಇನ್ನು ಪುಸ್ತಕ ಯಾಕಕ್ಕ ಅಂದೋನು ನೀನೇ ತಾನೆ?" ಅಂದರು.

ಹೌದು, ನಾನೇ ಅಂದಿದ್ದೆ.

ಮೂರು ಸಂಜೆ ಅಂಗಡಿಯಲ್ಲೇ ಕೂತು, ಬಂದವರನ್ನು ಕೇಳಿ ಕೇಳಿ ಲೆಕ್ಕ ಬರೆದುಕೊಂಡೆವು. ಎಷ್ಟೋ ಜನ ತಾವಾಗಿಯೇ ಹೇಳಿದರು. ಕೆಲವರಿಗೆ ನೆನಪಿರಲಿಲ್ಲ. ಬಾಕಿ ಎಷ್ಟು ಅಂತ ಗಿರಾಕಿಯನ್ನೇ ಕೇಳುವುದು ಅಂಗಡಿಯವರಿಗೆ ಎಂಥ ಮುಜುಗರ ಅಂತ ಅಲ್ಲಿ ಕೂತಾಗ ತಿಳಿಯಿತು. ಹೋದ ದುಡ್ಡಿಗಿಂತ ಅದೇ ಅವರಿಗೆ ಜಾಸ್ತಿ ನೋವು ಕೊಟ್ಟಿತು.

ಬೀಟಾ ಅನ್ನುವುದನ್ನು ಜನ ಎಚ್ಚರಿಕೆ ಅಂತ ಓದುವುದಿಲ್ಲ. ಓದಲಿ ಅಂತ ಬಯಸುವುದೂ ತಪ್ಪು. ಜಿಮೇಲ್ 2004ರ ಏಪ್ರಿಲ್‌ನಲ್ಲಿ ಬೀಟಾ ಅಂತಲೇ ಬಂತು. ಆ ಹಣೆಪಟ್ಟಿ ತೆಗೆದದ್ದು 2009ರ ಜುಲೈನಲ್ಲಿ. ಐದು ವರ್ಷ ಜನ ತಮ್ಮ ಮುಖ್ಯ ಮೇಲ್‌ಗಳನ್ನೆಲ್ಲ ಅದರಲ್ಲೇ ಇಟ್ಟುಕೊಂಡಿದ್ದರು. ಬೀಟಾ ಅಂದರೆ ಬಳಸಬಹುದು, ಆದರೆ ಸಣ್ಣಪುಟ್ಟ ತೊಂದರೆ ಇರಬಹುದು ಅಂತಲೇ ಎಲ್ಲರೂ ತಿಳಿದಿರುವುದು.

ನಾನು ಪರದೆ ನೋಡಿ ಹೆಸರಿಟ್ಟೆ. ಒಳಗಿನ ಡೇಟಾ ನೋಡಿ ಇಡಬೇಕಿತ್ತು. ಇವತ್ತು ಒಬ್ಬರು ಬರೆದಿಟ್ಟದ್ದು ಮುಂದಿನ ಅಪ್‌ಡೇಟ್ ಆದ ಮೇಲೂ ಇರುತ್ತದೆ ಅಂತ ಮಾತು ಕೊಡೋಕಾಗುತ್ತದಾ? ಆಗದಿದ್ದರೆ ಅದು ಆಲ್ಫಾ, ಎಷ್ಟೇ ಚೆಂದ ಕಾಣಲಿ. ಬಟನ್ ಕೆಲಸ ಮಾಡದಿರುವುದು, ಮೊತ್ತ ಪರದೆಯಾಚೆ ಹೋಗುವುದು, ಇಂಥವು ಬೀಟಾದಲ್ಲಿ ಇರಬಹುದು. ಅವನ್ನು ಹುಡುಕೋಕೇ ಬೀಟಾ ಇರುವುದು.

ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿದ್ದೀರಾ ಅಂತಲೂ ನೋಡಿಕೊಳ್ಳಿ. ಪೈಥಾನ್ ಭಾಷೆ ಮಾಡುವವರು ಇದರಲ್ಲಿ ಕಟ್ಟುನಿಟ್ಟು. ಆಲ್ಫಾ ಇರುವವರೆಗೆ ಹೊಸದು ಸೇರಬಹುದು, ಮೊದಲ ಬೀಟಾ ಬಂದ ದಿನ ಬಾಗಿಲು ಹಾಕಿದ ಹಾಗೆ. ಅದರ 3.13 ಆವೃತ್ತಿಯ ಮೊದಲ ಬೀಟಾ 2024ರ ಮೇನಲ್ಲಿ ಬಂತು, ಪೂರ್ತಿ ಬಿಡುಗಡೆ ಅಕ್ಟೋಬರ್‌ನಲ್ಲಿ. ನಡುವಿನ ತಿಂಗಳುಗಳೆಲ್ಲ ತಪ್ಪು ತಿದ್ದೋಕೆ. ನಾನಾದರೋ ಬೀಟಾ ಅಂತ ಬರೆದ ಮೇಲೆ ಹೊಸ ಕಾಲಂ ಸೇರಿಸುತ್ತಾ ಕೂತಿದ್ದೆ.

ಆಲ್ಫಾ ಅಂದರೆ ಪರೀಕ್ಷಿಸುವವರು ಸಿಗುವುದಿಲ್ಲ ಅನ್ನುವ ಭಯವೂ ಬೇಡ. ಪ್ಲೇ ಸ್ಟೋರ್‌ನ ಕರೆದವರಿಗಷ್ಟೇ ಸಿಗುವ ಇಂಟರ್ನಲ್ ಟೆಸ್ಟಿಂಗ್‌ನಲ್ಲಿ 100 ಜನರವರೆಗೆ ಸೇರಿಸಬಹುದು. ಡೇಟಾ ಹೋಗಬಹುದು ಅಂತ ಮುಖ ನೋಡಿ ಹೇಳಿ, ಒಪ್ಪಿದ ಹತ್ತು ಜನ ಸಿಕ್ಕರೂ ಸಾಕು.

ಎಲ್ಲ ಅಳಿಸುವ ಆ ಸಾಲನ್ನು ಕೋಡ್‌ನಿಂದ ಕಿತ್ತುಹಾಕಿದ್ದೇನೆ. ಟೇಬಲ್ ಬದಲಾದಾಗಲೆಲ್ಲ ಮೈಗ್ರೇಷನ್ ಬರೆದು, ಹಳೆಯ ಡೇಟಾ ಇರುವ ಇನ್ನೊಂದು ಫೋನ್‌ನಲ್ಲಿ ಮೊದಲು ಅಪ್‌ಡೇಟ್ ಮಾಡಿ ನೋಡುತ್ತೇನೆ. ಹೆಸರು ಮತ್ತೆ ಆಲ್ಫಾ ಆಗಿದೆ. ತೆರೆದ ಕೂಡಲೇ "ಇದನ್ನೊಂದೇ ನಂಬಬೇಡಿ, ಪುಸ್ತಕದಲ್ಲೂ ಬರೆಯಿರಿ" ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಅಕ್ಕ ಈಗಲೂ ಬಳಸುತ್ತಾರೆ. ಆದರೆ ಮೊದಲು ಪುಸ್ತಕದಲ್ಲಿ ಬರೆದು, ಆಮೇಲೆ ಫೋನ್ ತೆಗೆಯುತ್ತಾರೆ.