20 ಹರ್ಟ್ಜ್‌ಗಿಂತ ಕೆಳಗಿನ ಲೋಕ: ಅತಿ ಮಂದ್ರದ ಸಬ್‌ವೂಫರ್‌ಗಳೊಡನೆ ಹಲವು ವರ್ಷ

ನನ್ನ ಮನೆಯ ಆಡಿಯೋ ವ್ಯವಸ್ಥೆಯಲ್ಲಿ ಮಂದ್ರ ಸದ್ದಿಗೆಂದೇ ಇರುವ 18 ಇಂಚಿನ ಎರಡು ಸಬ್‌ವೂಫರ್‌ಗಳಿವೆ. ಎರಡೂ ಪೂರ್ತಿ ಮುಚ್ಚಿದ ಪೆಟ್ಟಿಗೆಯವು, ಇಬ್ಬರು ಹಿಡಿಯದೆ ಜಾಗದಿಂದ ಅಲುಗಿಸಲಾಗದಷ್ಟು ಭಾರದವು. ಇವು ಬರುವ ಮುನ್ನ ಅದೇ ಕೋಣೆಯಲ್ಲಿ ಪೋರ್ಟ್ (ಗಾಳಿ ಆಡುವ ಕೊಳವೆ) ಇರುವ 12 ಇಂಚಿನ ಸಬ್‌ವೂಫರ್ ಇತ್ತು. ಅದನ್ನು ಇನ್ನೂ ಇಟ್ಟುಕೊಂಡಿರುವುದರಿಂದ ಹೋಲಿಕೆ ಬೇಕೆನಿಸಿದಾಗಲೆಲ್ಲ ಮತ್ತೆ ಜೋಡಿಸಿ ನೋಡುವ ಅನುಕೂಲವಿದೆ. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಏಕೆಂದರೆ ಮುಂದಿನ ಮಾತುಗಳು ಈ ಗಾತ್ರದ, ಈ ಬಗೆಯ ಯಾವುದೇ ಉಪಕರಣಕ್ಕೂ ಹೆಚ್ಚುಕಡಿಮೆ ಒಪ್ಪುತ್ತವೆ. ಜನ ಕೇಳುವ ಪ್ರಶ್ನೆಯೂ ಒಂದು ನಿರ್ದಿಷ್ಟ ಮಾದರಿಯ ಬಗ್ಗೆ ಇರುವುದಿಲ್ಲ. 20 ಹರ್ಟ್ಜ್‌ಗೂ (ಸೆಕೆಂಡಿಗೆ 20 ಕಂಪನ) ಕೆಳಗೆ ಇಳಿಯುವ ಸಾಮರ್ಥ್ಯಕ್ಕಾಗಿ ಇಷ್ಟು ಹಣ, ಜಾಗ ಮತ್ತು ತಾಳ್ಮೆಯನ್ನು ಸುರಿಯುವುದರಲ್ಲಿ ಅರ್ಥವಿದೆಯೇ ಎಂಬುದೇ ಅವರ ಪ್ರಶ್ನೆ. ನನ್ನ ಅನುಭವದಲ್ಲಿ ಹಣ ಸಾರ್ಥಕವಾಗಿದೆ. ಆದರೆ ಅದು ಸಾರ್ಥಕವಾದದ್ದು 20 ಹರ್ಟ್ಜ್‌ನ ಕೆಳಗೆ ಅಲ್ಲ, ಅದರ ಮೇಲೆ.

ಮೊದಲು ಕಿವಿಯ ವಿಷಯ. ಮನುಷ್ಯನ ಶ್ರವಣ ಶಕ್ತಿ 20 ಹರ್ಟ್ಜ್‌ನಲ್ಲಿ ಥಟ್ಟನೆ ನಿಂತುಬಿಡುವುದಿಲ್ಲ. ಕೆಳಗಿಳಿದಂತೆ ಅದು ಕ್ರಮೇಣ ಮಂದವಾಗುತ್ತ ಹೋಗುತ್ತದೆ. 1000 ಹರ್ಟ್ಜ್‌ನ ಸ್ವರ ಕೇಳಿಸಲು 2–3 ಡೆಸಿಬೆಲ್ ಸಾಕಾದರೆ, 40 ಹರ್ಟ್ಜ್‌ಗೆ ಸುಮಾರು 51, 20 ಹರ್ಟ್ಜ್‌ಗೆ ಸುಮಾರು 78 ಡೆಸಿಬೆಲ್ ಬೇಕಾಗುತ್ತದೆ. 10 ಹರ್ಟ್ಜ್‌ನಲ್ಲಂತೂ ಕೇಳಿಸತೊಡಗುವ ಮಟ್ಟವೇ 95 ಡೆಸಿಬೆಲ್‌ ದಾಟುತ್ತದೆ. ಹಾಗೆ ಕೇಳಿಸತೊಡಗಿದ ಮೇಲೆ ಸದ್ದು ಬೇಗಬೇಗನೆ ಏರುತ್ತದೆ ಎಂಬುದು ಇನ್ನೊಂದು ಸಂಗತಿ. ಮಧ್ಯಮ ಆವರ್ತನಗಳಲ್ಲಿ ಸದ್ದು ಇಮ್ಮಡಿಯಾದಂತೆ ತೋರಲು ಸುಮಾರು 10 ಡೆಸಿಬೆಲ್ ಹೆಚ್ಚಿಸಬೇಕು. 20 ಹರ್ಟ್ಜ್‌ನಲ್ಲಿ ಸುಮಾರು 5 ಡೆಸಿಬೆಲ್ ಹೆಚ್ಚಿಸಿದರೂ ಅದೇ ಪರಿಣಾಮ. ಆದ್ದರಿಂದ ಈ ವಲಯದಲ್ಲಿ ಗುಂಡಿಯನ್ನು ತುಸು ತಿರುಗಿಸಿದರೂ 'ಏನೂ ಇಲ್ಲ' ಎನ್ನುವುದರಿಂದ 'ಸಾಕಪ್ಪಾ ಸಾಕು' ಎನ್ನುವವರೆಗೆ ಹೋಗಿಬಿಡುತ್ತದೆ.

ಈ ಅಂಕಿಗಳನ್ನು ಸಿನಿಮಾ ನೋಡುವ ನಮ್ಮ ಅಭ್ಯಾಸದ ಪಕ್ಕದಲ್ಲಿಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಧ್ವನಿ ಮಿಶ್ರಣಕ್ಕೆ ಬಳಸುವ ರೆಫರೆನ್ಸ್ ಮಟ್ಟದಲ್ಲಿ ಎಲ್‌ಎಫ್‌ಇ (ಸಿನಿಮಾದ ಮಂದ್ರ ಪರಿಣಾಮಗಳಿಗೆ ಮೀಸಲಾದ) ಚಾನೆಲ್‌ನ ಶಿಖರ 115 ಡೆಸಿಬೆಲ್. ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಕೇಳುವುದಿಲ್ಲ. 25 ಡೆಸಿಬೆಲ್ ಇಳಿಸಿಕೊಂಡರೆ ಅದೇ ಶಿಖರ 90ಕ್ಕೆ ಬರುತ್ತದೆ: 20 ಹರ್ಟ್ಜ್‌ನಲ್ಲಿ ಅದು ಶ್ರವಣ ಮಿತಿಗಿಂತ 12 ಡೆಸಿಬೆಲ್‌ನಷ್ಟು ಮಾತ್ರ ಮೇಲೆ, 10 ಹರ್ಟ್ಜ್‌ನಲ್ಲಿ ಮಿತಿಗಿಂತಲೂ ಕೆಳಗೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೆಲ್ಲಗೆ ಸಿನಿಮಾ ನೋಡುವವರಿಗೆ ಅತಿ ಮಂದ್ರದ ಸಬ್‌ವೂಫರ್ ಕೋಣೆಯ ಮೂಲೆಯಲ್ಲಿ ಕುಳಿತ ದುಬಾರಿ ಪೀಠೋಪಕರಣವಷ್ಟೆ.

ಹಾಗಿದ್ದರೆ ಇಷ್ಟು ದೊಡ್ಡ ಕೋನ್ (ಸ್ಪೀಕರ್‌ನಲ್ಲಿ ಹಿಂದೆಮುಂದೆ ಚಲಿಸಿ ಗಾಳಿ ತಳ್ಳುವ ಭಾಗ) ಏಕೆ ಬೇಕು? ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ಸದ್ದಿನ ಮಟ್ಟವನ್ನು ಉಳಿಸಿಕೊಂಡು ಒಂದು ಆಕ್ಟೇವ್ (ಅಂದರೆ ಅರ್ಧ ಆವರ್ತನಕ್ಕೆ) ಕೆಳಗಿಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. ಸಾಮಾನ್ಯ 12 ಇಂಚಿನ ಡ್ರೈವರ್‌ನ (ಕೋನ್ ಇರುವ ಸ್ಪೀಕರ್ ಘಟಕ) ಪರಿಣಾಮಕಾರಿ ವಿಸ್ತೀರ್ಣ ಸುಮಾರು 480 ಚದರ ಸೆಂಟಿಮೀಟರ್. ಅದು ಒಂದು ಕಡೆಗೆ 15 ಮಿಲಿಮೀಟರ್ ಚಲಿಸಿದರೆ ಮುಕ್ಕಾಲು ಲೀಟರಿಗೂ ತುಸು ಕಡಿಮೆ ಗಾಳಿ ಸರಿಯುತ್ತದೆ. 18 ಇಂಚಿನದರ ವಿಸ್ತೀರ್ಣ ಸುಮಾರು 1200 ಚದರ ಸೆಂಟಿಮೀಟರ್, ಚಲನೆ 25 ಮಿಲಿಮೀಟರ್ ಎಂದುಕೊಂಡರೆ ಮೂರು ಲೀಟರ್. ಅಂದರೆ 12 ಇಂಚಿನದು 40 ಹರ್ಟ್ಜ್‌ನಲ್ಲಿ ಮಾಡುವ ಕೆಲಸವನ್ನು 18 ಇಂಚಿನದು 20 ಹರ್ಟ್ಜ್‌ನಲ್ಲಿ ಮಾಡುತ್ತದೆ. ಆ ದೈತ್ಯ ಕೋನ್‌ನಿಂದ ದಕ್ಕುವುದು ಇಷ್ಟೇ, ಒಂದು ಆಕ್ಟೇವ್. ಆದರೆ ಇದನ್ನೇ ತಿರುಗಿಸಿ ನೋಡಿದರೆ, ಸಂಗೀತ ಮತ್ತು ಸಿನಿಮಾ ನಿಜವಾಗಿ ವಾಸಿಸುವ 25ರಿಂದ 60 ಹರ್ಟ್ಜ್‌ನಲ್ಲಿ ಈ ಡ್ರೈವರ್ ದಣಿಯುವ ಪ್ರಸಂಗವೇ ಬರುವುದಿಲ್ಲ.

ದಣಿಯದಿರುವುದರ ಬೆಲೆ ಏನೆಂಬುದು ವಿರೂಪವನ್ನು, ಅಂದರೆ ಮೂಲದಲ್ಲಿಲ್ಲದ ಸ್ವರಗಳು ಸೇರಿಕೊಳ್ಳುವುದನ್ನು, ಗಮನಿಸಿದಾಗ ತಿಳಿಯುತ್ತದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬರೀ 20 ಹರ್ಟ್ಜ್‌ನ ಸೈನ್ ಸ್ವರವನ್ನು ಹಾಕಿ, ಎರಡೂ ಉಪಕರಣಗಳನ್ನು ಮೈಕ್ ತೋರಿಸುವ ಒಂದೇ ಮಟ್ಟಕ್ಕೆ ಹೊಂದಿಸಿ ಕೇಳಿದರೆ, ಹಳೆಯ 12 ಇಂಚಿನದೇ ಹೆಚ್ಚು ಜೋರಾಗಿ, ಹೆಚ್ಚು 'ಬಾಸ್' ಇರುವಂತೆ ಕೇಳಿಸುತ್ತದೆ. 18 ಇಂಚಿನದು ಬಹುತೇಕ ಮೌನವಾಗಿರುತ್ತದೆ, ಪರದೆಯ ಅಂಚು ಮಾತ್ರ ಸಣ್ಣಗೆ ನಡುಗುತ್ತಿರುತ್ತದೆ. ಕಾರಣ ಸರಳ. ಸಣ್ಣ ಡ್ರೈವರ್ ತನ್ನ ಮಿತಿಯ ಬಳಿ ಒದ್ದಾಡುವಾಗ 40 ಮತ್ತು 60 ಹರ್ಟ್ಜ್‌ನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲದ ಎರಡು, ಮೂರು ಪಟ್ಟು ಆವರ್ತನದ ಸ್ವರಗಳನ್ನು, ಹುಟ್ಟಿಸುತ್ತದೆ; ನಮ್ಮ ಕಿವಿ 40 ಹರ್ಟ್ಜ್‌ಗೆ 20 ಹರ್ಟ್ಜ್‌ಗಿಂತ 27 ಡೆಸಿಬೆಲ್‌ನಷ್ಟು ಹೆಚ್ಚು ಸೂಕ್ಷ್ಮವಾದ್ದರಿಂದ ಆ ಕಲಬೆರಕೆಯೇ ಮೂಲ ಸ್ವರವನ್ನು ಮುಚ್ಚಿಬಿಡುತ್ತದೆ. 'ನನ್ನ ಪುಟ್ಟ ಸಬ್‌ವೂಫರ್ 20 ಹರ್ಟ್ಜ್ ಧಾರಾಳವಾಗಿ ಕೊಡುತ್ತದೆ' ಎನ್ನುವವರಲ್ಲಿ ಬಹುಪಾಲು ಜನ ಕೇಳುತ್ತಿರುವುದು ಈ ಕಲಬೆರಕೆಯನ್ನೇ. ಹೊಸ ಉಪಕರಣ ತಂದ ಮೊದಲ ವಾರ ನಿರಾಸೆಯಾದರೆ ಅದು ಸಹಜ; ಸ್ವಚ್ಛವಾದ ಮಂದ್ರ ತನ್ನನ್ನು ತಾನು ಸಾರಿಕೊಳ್ಳುವುದಿಲ್ಲ.

ಉಪಕರಣಕ್ಕಿಂತ ದೊಡ್ಡ ಪಾತ್ರ ಕೋಣೆಯದು. ಇಲ್ಲಿ ತುಸು ವಿವರವಾಗಿ ಹೇಳಬೇಕಾಗಿದೆ. 20 ಹರ್ಟ್ಜ್‌ನ ತರಂಗಾಂತರ ಸುಮಾರು 17 ಮೀಟರ್. ಕೋಣೆಯ ಉದ್ದ 5 ಮೀಟರ್ ಇದ್ದರೆ ಅದರ ಮೊದಲ ಅನುರಣನ (ಗೋಡೆಗಳ ನಡುವೆ ಸದ್ದು ಹಿಂದುಮುಂದಾಗಿ ಬಲಗೊಳ್ಳುವ ಆವರ್ತನ) ಸುಮಾರು 34 ಹರ್ಟ್ಜ್‌ನಲ್ಲಿ ಬೀಳುತ್ತದೆ. ಅದಕ್ಕಿಂತ ಕೆಳಗೆ ತರಂಗ ಕೋಣೆಯೊಳಗೆ ಹಿಡಿಸುವುದೇ ಇಲ್ಲ, ಇಡೀ ಕೋಣೆಯ ಗಾಳಿ ಒಟ್ಟಾಗಿ ಒತ್ತಲ್ಪಟ್ಟು ಸಡಿಲಗೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯ ಸದ್ದು ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ಇಳಿಯುವ ಜಾಗದಲ್ಲೇ ಕೋಣೆಯ ಈ ಒತ್ತಡ ಅದನ್ನು ಮೇಲಕ್ಕೆತ್ತುವುದರಿಂದ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಪೋರ್ಟ್ ಇರುವ ಪೆಟ್ಟಿಗೆ ತನ್ನ ಟ್ಯೂನಿಂಗ್‌ನ (ಪೋರ್ಟ್ ಅನ್ನು ಹೊಂದಿಸಿದ ಆವರ್ತನ) ಸುತ್ತಮುತ್ತ ಹೆಚ್ಚು ಸದ್ದು ಕೊಡುತ್ತದೆ, ನಿಜ. ಅದರ ಕೆಳಗೆ ಮಾತ್ರ ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ, ಕೋನ್‌ಗೆ ಗಾಳಿಯ ಆಸರೆ ತಪ್ಪುತ್ತದೆ. ಗೋಡೆ, ಬಾಗಿಲು, ಕಿಟಕಿ ಎಷ್ಟು ಬಿಗಿಯಾಗಿವೆ ಎಂಬುದರ ಮೇಲೆ ಕೋಣೆಯ ನೆರವು ನಿಂತಿದೆ. ನನ್ನ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಮತ್ತೆ ಅಳತೆ ತೆಗೆದರೆ ಗ್ರಾಫ್‌ನ ಎಡತುದಿ ಕಣ್ಣಿಗೆ ಕಾಣುವಂತೆ ಕೆಳಗೆ ಬಾಗುತ್ತದೆ. ಅಡುಗೆಮನೆಗೂ ಮೆಟ್ಟಿಲಿಗೂ ತೆರೆದುಕೊಂಡ ವಿಶಾಲವಾದ ಹಾಲ್‌ನಲ್ಲಿ ಈ ನೆರವನ್ನು ನಿರೀಕ್ಷಿಸಲಾಗದು.

34 ಹರ್ಟ್ಜ್‌ನ ಮೇಲೆ ಬೇರೆಯದೇ ಗೋಳು. ಒಂದು ಕುರ್ಚಿಯಲ್ಲಿ ಬಾಸ್ ಗುಂಯ್‌ಗುಟ್ಟುತ್ತದೆ, ಪಕ್ಕದ ಕುರ್ಚಿಯಲ್ಲಿ ಮಾಯವಾಗುತ್ತದೆ. ದಪ್ಪನೆಯ ಹೀರುಫಲಕಗಳನ್ನು ಗೋಡೆಗೆ ಅಂಟಿಸಿ ಇದನ್ನು ಪಳಗಿಸಲು ಸಾಧ್ಯವಿಲ್ಲ. ಅವು ಪೂರ್ತಿ ಪರಿಣಾಮಕಾರಿಯಾಗಲು ಕಾಲು ತರಂಗಾಂತರದಷ್ಟು ದಪ್ಪ ಬೇಕು, 34 ಹರ್ಟ್ಜ್‌ನ ಕಾಲು ತರಂಗಾಂತರವೇ ಎರಡೂವರೆ ಮೀಟರ್. ಕೆಲಸ ಮಾಡಿದ ಉಪಾಯವೆಂದರೆ ಎರಡು ಸಬ್‌ವೂಫರ್‌ಗಳನ್ನು ಮುಂದಿನ ಮತ್ತು ಹಿಂದಿನ ಗೋಡೆಗಳ ನಡುಮಧ್ಯದಲ್ಲಿ ಇಡುವುದು. ಎದುರುಬದುರಾಗಿ ಒಂದೇ ಫೇಸ್‌ನಲ್ಲಿ (ಒಂದೇ ಲಯದಲ್ಲಿ) ನುಡಿಯುವ ಅವು ಉದ್ದದ ದಿಕ್ಕಿನ ಮೊದಲ ಅನುರಣನವನ್ನು ಪರಸ್ಪರ ಅಳಿಸಿಹಾಕುತ್ತವೆ. ಅಗಲದ ನಡುವೆ ಇರುವುದರಿಂದ ಅಗಲದ ಮೊದಲ ಅನುರಣನವನ್ನು ಕೆರಳಿಸುವುದೂ ಇಲ್ಲ. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲೇ ಈ ಜೋಡಣೆಗಳನ್ನು ಅಭ್ಯಸಿಸಿ ಪ್ರಬಂಧ ಮಂಡಿಸಿದ್ದರು. ಯುಮಿಕ್-1ರಂಥ ಅಳತೆಯ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಕತ್ತಲಲ್ಲಿ ತಡಕಾಡಿದಂತೆ. 80 ಹರ್ಟ್ಜ್ ಕ್ರಾಸ್‌ಓವರ್‌ನ (ಮಂದ್ರವನ್ನು ಸಬ್‌ವೂಫರ್‌ಗೆ ಹಂಚುವ ಗಡಿ) ಬಳಿ ಮುಖ್ಯ ಸ್ಪೀಕರ್‌ಗಳೊಡನೆ ಡಿಲೇ (ಸದ್ದಿನ ವಿಳಂಬ) ಸರಿಹೊಂದಿಸಿದಾಗ ಆದ ಸುಧಾರಣೆ, 20 ಹರ್ಟ್ಜ್‌ನ ಕೆಳಗೆ ಗಳಿಸಿದ್ದೆಲ್ಲಕ್ಕಿಂತ ದೊಡ್ಡದು.

ಇನ್ನು ಸಂಗೀತ. ನಾಲ್ಕು ತಂತಿಯ ಬಾಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಜ್, ಐದು ತಂತಿಯದು ಸುಮಾರು 31, ಪಿಯಾನೋದ್ದು 27.5. ಅದರ ಕೆಳಗೆ ಇರುವುದು 16 ಹರ್ಟ್ಜ್ ಮುಟ್ಟುವ 32 ಅಡಿಯ ಕೊಳವೆಗಳುಳ್ಳ ಪೈಪ್ ಆರ್ಗನ್ ಮತ್ತು ಕೆಲವು ಎಲೆಕ್ಟ್ರಾನಿಕ್ ರಚನೆಗಳು ಮಾತ್ರ. ಪಿಯಾನೋದ ಆ ಕೊನೆಯ ಸ್ವರದಲ್ಲೂ ಮೂಲ ಆವರ್ತನ ತೀರ ಕ್ಷೀಣ. ಹಾರ್ಮೋನಿಕ್‌ಗಳಿಂದಲೇ ಮಿದುಳು ಅದನ್ನು ಊಹಿಸಿಕೊಳ್ಳುತ್ತದೆ. ಒಳ್ಳೆಯ ಆರ್ಗನ್ ಧ್ವನಿಮುದ್ರಣದಲ್ಲಿ ಆ ದೊಡ್ಡ ಕೊಳವೆ ತೆರೆದಾಗ ಸ್ವರ ಕೇಳಿಸುವುದಿಲ್ಲ, ಕೋಣೆಯೇ ದೊಡ್ಡದಾದಂತೆ ಭಾಸವಾಗುತ್ತದೆ. ಇದೊಂದು ನನಗೆ ಇನ್ನೂ ಹಳತಾಗಿಲ್ಲ. ಗ್ರಾಮಫೋನ್ ತಟ್ಟೆಗಳನ್ನು ಕೇಳುವವರಿಗೆ ಎಚ್ಚರಿಕೆಯ ಮಾತೊಂದಿದೆ. ಟೋನ್‌ಆರ್ಮ್‌ನ ಅನುರಣನ ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್‌ನ ನಡುವೆ ಇರುತ್ತದೆ. ತಟ್ಟೆ ಸ್ವಲ್ಪ ಬಾಗಿದ್ದರೂ ಸಾಕು, ಹಾಡು ಆರಂಭವಾಗುವ ಮೊದಲೇ ಕೋನ್ ಸದ್ದಿಲ್ಲದೆ ಒಳಗೂ ಹೊರಗೂ ತೂಗಾಡುತ್ತದೆ. ಅಲ್ಲಿ ಅತಿ ಕೆಳಗಿನ ಸದ್ದನ್ನು ಕತ್ತರಿಸುವ ರಂಬಲ್ ಫಿಲ್ಟರ್ ಹಾಕಲೇಬೇಕು. ಹಾಕಿದ ಮೇಲೆ ಅತಿ ಮಂದ್ರದ ಲಾಭವೂ ಉಳಿಯುವುದಿಲ್ಲ.

ಸಿನಿಮಾಗಳಲ್ಲಿ 20 ಹರ್ಟ್ಜ್‌ನ ಕೆಳಗಿನ ಅಂಶ ನಿಜವಾಗಿಯೂ ಉಂಟು, ಆದರೆ ಎಲ್ಲದರಲ್ಲೂ ಇಲ್ಲ. ಎಷ್ಟೋ ಚಿತ್ರಗಳಲ್ಲಿ ಮಿಶ್ರಣದ ಹಂತದಲ್ಲೇ 30 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸಿರುತ್ತಾರೆ. ಅಂಥದ್ದನ್ನು ನೋಡುವಾಗ ಈ ಉಪಕರಣದ ಅರ್ಧ ಭಾಗಕ್ಕೆ ರಜೆ. ಇರುವ ಕಡೆ ಸ್ಫೋಟಕ್ಕಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಒತ್ತಡದಲ್ಲಿ, ಬಾಹ್ಯಾಕಾಶ ನೌಕೆ ಮೇಲೆ ಹಾದುಹೋಗುವಾಗಿನ ಭಾರದಲ್ಲಿ ಅದು ಅನುಭವಕ್ಕೆ ಬರುತ್ತದೆ. ಒಂದು ಚಿತ್ರದಲ್ಲಿ ಇಂಥ ಕ್ಷಣಗಳು ಬೆರಳೆಣಿಕೆಯಷ್ಟು. ನೆಲ ಕಾಂಕ್ರೀಟಿನದಾಗಿದ್ದರೆ ಮೈಗೆ ತಟ್ಟುವ ನಡುಕವೂ ಕಡಿಮೆ, ಏಕೆಂದರೆ ಮರದ ನೆಲದಂತೆ ಅದು ಕಂಪನವನ್ನು ಕುರ್ಚಿಗೆ ದಾಟಿಸುವುದಿಲ್ಲ. ನಡುಕವಷ್ಟೇ ಬೇಕೆನ್ನುವವರು ಸೋಫಾದ ಚೌಕಟ್ಟಿಗೆ ಬಿಗಿಯುವ ಬಾಸ್ ಶೇಕರ್ ಕೊಳ್ಳಲಿ. ಖರ್ಚಿನಲ್ಲಿ ಸಣ್ಣ ಪಾಲು, ನೆರೆಯವರೊಂದಿಗೆ ಜಗಳವೂ ಇಲ್ಲ. ಇನ್ನೊಂದು ತುದಿಯಲ್ಲಿ ಬ್ರೂಸ್ ಥಿಗ್ಪೆನ್ ರೂಪಿಸಿದ ರೋಟರಿ ವೂಫರ್ ಇದೆ: ಫ್ಯಾನ್‌ನಂತೆ ಸುತ್ತುತ್ತ, ರೆಕ್ಕೆಗಳ ಕೋನವನ್ನು ಧ್ವನಿ ಸಂಕೇತಕ್ಕೆ ತಕ್ಕಂತೆ ಬದಲಿಸಿ 1 ಹರ್ಟ್ಜ್‌ವರೆಗೂ ಇಳಿಯುತ್ತದೆ, ಆದರೆ ಅದರ ಬೆನ್ನಿಗೆ ಇನ್ನೊಂದು ಕೋಣೆಯಷ್ಟು ಜಾಗ ಬೇಕು. ಅದರ ಪಕ್ಕದಲ್ಲಿ ನಮ್ಮದು ಮಿತವ್ಯಯ ಎನ್ನಬಹುದು.

ನೆರೆಯವರ ವಿಷಯ ತಮಾಷೆಯದಲ್ಲ. ಆವರ್ತನ ಒಂದೊಂದು ಆಕ್ಟೇವ್ ಇಳಿದಂತೆ ಗೋಡೆ ಸದ್ದನ್ನು ತಡೆಯುವ ಶಕ್ತಿ ಸುಮಾರು 6 ಡೆಸಿಬೆಲ್‌ನಂತೆ ಕುಗ್ಗುತ್ತದೆ. ಗೋಡೆ ಹಂಚಿಕೊಂಡ ಮನೆಗಳಲ್ಲಿ ಇದನ್ನು ಶಿಫಾರಸು ಮಾಡಲಾರೆ. ಸ್ವಂತ ಕೋಣೆಯಲ್ಲೂ ಮೊದಲ ತಿಂಗಳು ಗಡಗಡ ಸದ್ದಿನ ಬೇಟೆಯಲ್ಲೇ ಕಳೆಯುತ್ತದೆ. 15ರಿಂದ 60 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರ ಹಾಕಿ, ಕೋಣೆಯಲ್ಲಿ ಸುತ್ತಾಡುತ್ತ ಒಂದೊಂದನ್ನೂ ಕೈಯಿಂದ ಒತ್ತಿ ನೋಡಬೇಕು. ನನ್ನಲ್ಲಿ 23 ಹರ್ಟ್ಜ್‌ಗೆ ಬಾಗಿಲಿನ ಚಿಲಕ, 31ಕ್ಕೆ ಕಪಾಟಿನ ಗಾಜು, 38ಕ್ಕೆ ದೀಪದ ಮುಚ್ಚಳ ಸಿಕ್ಕಿಬಿದ್ದವು. ಫೆಲ್ಟ್ ತುಂಡು ಮತ್ತು ಫೋಮ್ ಪಟ್ಟಿಗಳಿಂದ ಎಲ್ಲವೂ ಬಾಯಿ ಮುಚ್ಚಿದವು, ಚಿಲಕ ಮಾತ್ರ ಮಳೆಗಾಲ ಕಳೆದು ಮರ ಕುಗ್ಗಿದಾಗ ಮತ್ತೆ ಶುರುಮಾಡುತ್ತದೆ.

ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಅಚ್ಚಾದ '16 ಹರ್ಟ್ಜ್‌ವರೆಗೆ' ಎಂಬ ಮಾತನ್ನು ನಂಬಿ ಹೊರಡಬಾರದು. ಆ ಆವರ್ತನದಲ್ಲಿ ಎಷ್ಟು ಡೆಸಿಬೆಲ್, ಎಷ್ಟು ವಿರೂಪದೊಂದಿಗೆ ಎಂಬುದನ್ನು ಹೇಳದ ಅಂಕಿಗೆ ಬೆಲೆಯಿಲ್ಲ. ಸಬ್‌ವೂಫರ್‌ನ ಗರಿಷ್ಠ ಸದ್ದನ್ನು ಅಳೆಯುವ ಸಿಇಎ-2010 (ಈಗ ಸಿಟಿಎ-2010) ಪದ್ಧತಿಯ ಅಳತೆಗಳು ಸಿಕ್ಕರೆ ಅವನ್ನು ನೋಡಿ, ಅದರಲ್ಲೂ 20, 25, 31.5 ಹರ್ಟ್ಜ್‌ನ ಸಾಲುಗಳನ್ನು. ಒಂದು ದೈತ್ಯ ಸಬ್‌ವೂಫರ್‌ನ ಹಣದಲ್ಲಿ ಮಧ್ಯಮ ಗಾತ್ರದ ಎರಡು ಬರುವುದಾದರೆ ಎರಡನ್ನೇ ತನ್ನಿ. 20 ಹರ್ಟ್ಜ್‌ನ ಕೆಳಗಿನ ಆಸೆಯನ್ನು ಪ್ರತ್ಯೇಕ ಕೋಣೆ, ಬಿಗಿಯಾದ ಬಾಗಿಲು, ಜೋರಾಗಿ ಕೇಳುವ ಅವಕಾಶ ಮೂರೂ ಇರುವವರು ಇಟ್ಟುಕೊಳ್ಳಲಿ. ಕೊನೆಯದಾಗಿ ದುರಸ್ತಿಯ ಮಾತು. ನನ್ನ ಎರಡರಲ್ಲಿ ಒಂದರ ಒಳಗಿನ ಆಂಪ್ಲಿಫೈಯರ್ ವಾರಂಟಿ ಮುಗಿದ ಮೇಲೆ ಸತ್ತಿತು. ಆ ಮಾದರಿಯ ಬೋರ್ಡ್ ತಯಾರಿಕೆ ನಿಂತಿದೆ ಎಂಬ ಉತ್ತರ ಬಂತು. ಡ್ರೈವರ್‌ಗೂ ಪೆಟ್ಟಿಗೆಗೂ ಏನೂ ಆಗಿರಲಿಲ್ಲ. ಅದರ ತಂತಿಗಳನ್ನು ಹೊರಗೆಳೆದು, ಡಿಎಸ್‌ಪಿ (ಧ್ವನಿ ಸಂಕೇತವನ್ನು ಡಿಜಿಟಲ್ ಆಗಿ ತಿದ್ದುವ ವ್ಯವಸ್ಥೆ) ಇರುವ ಪ್ರತ್ಯೇಕ ಆಂಪ್ಲಿಫೈಯರ್‌ಗೆ ಜೋಡಿಸಿದ ಮೇಲೆ ಅದು ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಮತ್ತೆ ಕೊಳ್ಳುವ ಸಂದರ್ಭ ಬಂದರೆ ಆಂಪ್ಲಿಫೈಯರ್ ಇಲ್ಲದ ಬರೀ ಪೆಟ್ಟಿಗೆಯನ್ನೇ ಆರಿಸಿಕೊಳ್ಳುತ್ತೇನೆ.