'ಎಲ್ಲ ಸಾಮರ್ಥ್ಯದವರಿಗೂ' ಅನ್ನೋ ಸೈಕಲ್ ಸವಾರಿ ನಂಬಿ ಕೆಟ್ಟೆ, ನೀವು ನಂಬಬೇಡಿ

ಮೂರು ದಿನ ಆಯ್ತು. ಮೊಣಕಾಲು ನೋವೂ ಇಳಿದಿಲ್ಲ, ಸಿಟ್ಟೂ ಇಳಿದಿಲ್ಲ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ.

ಒಂದು ಸತ್ಕಾರ್ಯಕ್ಕೆ ಹಣ ಕೂಡಿಸುವ ಸೈಕಲ್ ಸವಾರಿ. ಹಳ್ಳಿದಾರಿ, ಹೊಲಗದ್ದೆ, ನೆರಳು, 40, 70, 110 ಕಿ.ಮೀ. ಮೂರು ಮಾರ್ಗ, 'ಎಲ್ಲ ಸಾಮರ್ಥ್ಯದವರಿಗೂ'. ತಂಗಿ ಸೈಕಲ್ ಕಲಿತು ಆರು ತಿಂಗಳು. ಆಯೋಜಕರಿಗೆ ನಾನೇ ಫೋನ್ ಮಾಡಿ ಕೇಳಿದೆ, ಹೊಸಬರಿಗೆ ಆಗುತ್ತಾ ಅಂತ. "ಇದು ರೇಸ್ ಅಲ್ಲ, ನಿಮ್ಮ ಪಾಡಿಗೆ ನೀವು ಆರಾಮಾಗಿ ಬನ್ನಿ" ಅಂದ್ರು. ಆರಾಮಾಗಿ! ಇಬ್ಬರ ಶುಲ್ಕವನ್ನೂ ನಾನೇ ಕಟ್ಟಿದೆ.

ನಾವು 40ರ ಮಾರ್ಗ ಹಿಡಿದ್ವಿ. 40 ಅಂದ್ರೆ ಸುಲಭ ಅಂದ್ಕೊಂಡಿದ್ದು ನನ್ನ ದಡ್ಡತನ. ಮೂರೂ ಮಾರ್ಗಕ್ಕೆ ಮೊದಲ 25 ಕಿ.ಮೀ. ಒಂದೇ ದಾರಿ, ಅತಿ ಕಡಿದಾದ ಏರು ಇರೋದು 18ನೇ ಕಿ.ಮೀ.ನಲ್ಲಿ. ಅಂದ್ರೆ ಸುಲಭದ ಮಾರ್ಗ ಅಂತ ಒಂದು ಇರಲೇ ಇಲ್ಲ, ಕಷ್ಟದ ಮಾರ್ಗಕ್ಕೇ ಬಾಲ ಕತ್ತರಿಸಿದ್ರು ಅಷ್ಟೇ. ಎರಡು ಕಿ.ಮೀ. ಉದ್ದಕ್ಕೂ ಶೇ. 10ರ ಏರು. ನೂರು ಮೀಟರ್ ಮುಂದೆ ಹೋದ್ರೆ ಹತ್ತು ಮೀಟರ್ ಮೇಲೆ. ಗೇರ್ ಪೂರ್ತಿ ಇಳಿಸಿದ್ರೂ ತಂಗಿಯ ಪೆಡಲ್ ತಿರುಗಲಿಲ್ಲ. ಇಳಿದು ತಳ್ಳಿದ್ವಿ, ಮುಕ್ಕಾಲು ಗಂಟೆ. ಮೇಲೆ ಹತ್ತಿ ಇಳಿಜಾರಿಗೆ ಬಂದ್ರೆ ತಿರುವಿನಲ್ಲಿ ಸಡಿಲ ಜಲ್ಲಿ, ಒಂದು ಎಚ್ಚರಿಕೆ ಫಲಕವೂ ಇಲ್ಲ. ಬ್ರೇಕ್ ಹಿಡಿದು ಹಿಡಿದು ಅವಳ ಬೆರಳು ಮರಗಟ್ಟಿತ್ತು.

ಆಮೇಲೆ ಆಗಿದ್ದು ಕೇಳಿ. ಒಂದು ಕವಲುದಾರಿ ಹತ್ತಿರ ಸ್ವಯಂಸೇವಕನೊಬ್ಬ ಕಂಬಕ್ಕೆ ಕಟ್ಟಿದ್ದ ಬಾಣದ ಗುರುತು ಬಿಚ್ಚಿ ಚೀಲಕ್ಕೆ ಹಾಕ್ತಾ ಇದ್ದ. ನಮ್ಮ ಕಣ್ಣೆದುರಿಗೇ. ನಮ್ಮನ್ನ ನೋಡಿ ಅವನಿಗೇ ಆಶ್ಚರ್ಯ. "ಅಯ್ಯೋ, ಕೊನೆಯವರು ಹೋಗಿ ಆಯ್ತು ಅಂದ್ಕೊಂಡೆ" ಅಂದ. ಪಾಪ, ಅವನದೇನೂ ತಪ್ಪಿಲ್ಲ. ಆದ್ರೆ ನಮ್ಮಂಥವರು ಬರ್ತಾರೆ ಅಂತ ಅವರ ಲೆಕ್ಕದಲ್ಲೇ ಇರಲಿಲ್ಲ ಅಂತ ಆಗ ಹೊಳೀತು. ಹಿಂದೆ ಬಿದ್ದವರನ್ನ ಹತ್ತಿಸಿಕೊಳ್ಳೋಕೆ ಹಿಂದಿಂದ ಬರೋ ಗಾಡಿ ನಾವು ಸೈಕಲ್ ತಳ್ತಿದ್ದಾಗಲೇ ದಾಟಿ ಹೋಗಿತ್ತು, ಅದರಲ್ಲಿ ಸೈಕಲ್ ಹಾಕೋಕೆ ಜಾಗ ಇರಲಿಲ್ಲವಂತೆ. ಆ ಗಾಡಿ ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ಹೊರಟಿದ್ದಂತೆ. ಮೊದಲೇ ಯಾರೂ ಹೇಳಲಿಲ್ಲ. ನೀರು ಕೊಡೋ ಜಾಗ ತಲುಪಿದ್ರೆ ಮೇಜು ಮಡಚಿ ಇಟ್ಟಿದ್ರು.

ಆಯೋಜಕರಿಗೆ ಬರೆದು ಕೇಳಿದೆ. ಬಂದ ಉತ್ತರ: "ಭಾಗವಹಿಸುವವರು ಸಾಕಷ್ಟು ಅಭ್ಯಾಸ ಮಾಡಿಕೊಂಡು ಬರಬೇಕು." ಹಾಗಾದ್ರೆ 'ಎಲ್ಲ ಸಾಮರ್ಥ್ಯ' ಅಂದ್ರೇನು ಸ್ವಾಮಿ? "ಮಾರ್ಗದ ವಿವರ ಫೈಲ್‌ನಲ್ಲಿತ್ತು." ಹೌದು, ಫೈಲ್ ಕಳಿಸಿದ್ದು ಹಿಂದಿನ ರಾತ್ರಿ. ಈಗ ತೆಗೆದು ನೋಡಿದ್ರೆ ನಮ್ಮ 40 ಕಿ.ಮೀ.ಗೆ ಒಟ್ಟು ಏರು 780 ಮೀಟರ್. ಶುಲ್ಕ ವಾಪಸ್ ಕೇಳಿದ್ದಕ್ಕೆ: "ಒಳ್ಳೆ ಕೆಲಸಕ್ಕೆ ಕೊಟ್ಟಿದ್ದೀರಿ ಅಂದ್ಕೊಳ್ಳಿ." ಸರಿ, ಎಷ್ಟು ಹೋಯ್ತು ಆ ಕೆಲಸಕ್ಕೆ ಅಂದೆ. ಆಗ ಬಾಯಿ ಬಿಟ್ರು: ಶುಲ್ಕ ಆಯೋಜನೆಯ ಖರ್ಚಿಗೆ, ದೇಣಿಗೆ ನಾವು ಬೇರೆ ಕೂಡಿಸಿ ಕೊಡಬೇಕಿತ್ತಂತೆ. ಶುಲ್ಕ ಪೂರ್ತಿ ದಾನಕ್ಕೆ ಹೋಗುತ್ತೆ ಅಂತ ನಾನು ಆಫೀಸಲ್ಲೆಲ್ಲ ಹೇಳ್ಕೊಂಡು ತಿರುಗಿದ್ದೆ. ನನ್ನ ಮಾತು ನಂಬಿ ಇಬ್ಬರು ಹೆಸರೂ ಕೊಟ್ಟಿದ್ರು. ಅವರಿಗೆ ಯಾವ ಮುಖ ಇಟ್ಕೊಂಡು ಹೇಳಲಿ?

ದೂರ ಎಷ್ಟು ಅಂತ ಮಾತ್ರ ಕೇಳಬೇಡಿ, ಏರು ಎಷ್ಟು ಅಂತ ಕೇಳಿ. ಒಟ್ಟು ಏರು ಸರಾಸರಿ ಕಿಲೋಮೀಟರಿಗೆ ಹತ್ತು ಮೀಟರ್ ದಾಟಿದ್ರೆ ಹೊಸಬರನ್ನ ಕರ್ಕೊಂಡು ಹೋಗಬೇಡಿ, ನಮ್ಮದು ಹತ್ತಿರ ಹತ್ತಿರ ಇಪ್ಪತ್ತು ಇತ್ತು. ಹಿಂದಿನ ಗಾಡಿಯ ವೇಗ ಎಷ್ಟು, ಬಾಣ ಯಾವಾಗ ಬಿಚ್ಚುತ್ತಾರೆ, ಶುಲ್ಕ ಯಾರ ಜೇಬಿಗೆ, ಮೂರನ್ನೂ ಬರಹದಲ್ಲೇ ಕೇಳಿ. "ಆರಾಮಾಗಿ ಬನ್ನಿ" ಅಂದ್ರೆ ಫೋನ್ ಇಟ್ಟುಬಿಡಿ.

ನಿನ್ನೆ ಮತ್ತೆ ಬರೆದಿದ್ದೀನಿ. ಇನ್ನೂ ಉತ್ತರ ಇಲ್ಲ.