ಗ್ರೀಸು ಹತ್ತಿದ ಕೈ: ಸೀಮೆಎಣ್ಣೆಯೋ, ಸೋಪಿನ ಪುಡಿಯೋ, ಶೇಂಗಾ ಎಣ್ಣೆಯೋ?

ಹುಬ್ಬಳ್ಳಿಯಲ್ಲಿ ದ್ವಿಚಕ್ರ ವಾಹನಗಳ ದುರಸ್ತಿ ಮಾಡುವ ನಾನು ಮಧ್ಯಾಹ್ನದ ಬುತ್ತಿಗೆ ಜೋಳದ ರೊಟ್ಟಿ ತರುವವನು. ರೊಟ್ಟಿಯನ್ನು ಚಮಚದಿಂದ ತಿನ್ನಲು ಬರುವುದಿಲ್ಲವಾದ್ದರಿಂದ, ಕೈ ಎಷ್ಟು ಸ್ವಚ್ಛವಾಯಿತು ಎಂಬುದರಷ್ಟೇ ಬೆರಳಿನಲ್ಲಿ ಯಾವ ವಾಸನೆ ಉಳಿಯಿತು ಎಂಬುದೂ ನನಗೆ ಮುಖ್ಯ. ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಉಪಾಯಗಳನ್ನು ಒಂದೇ ಬಗೆಯ ಕೆಲಸದ ನಂತರ, ಅಂದರೆ ಚೈನ್ ಮತ್ತು ಸ್ಪ್ರಾಕೆಟ್ ಬಿಚ್ಚಿ ಜೋಡಿಸಿದ ಮೇಲೆ, ಒಂದೊಂದಾಗಿ ಪರೀಕ್ಷಿಸಿದೆ. ಮೊದಲ ದಿನ ಎಡಗೈಗೆ ಒಂದು, ಬಲಗೈಗೆ ಇನ್ನೊಂದು ಎಂದು ಹೊರಟಿದ್ದೆ. ಒಂದು ಕೈಯನ್ನು ತೊಳೆಯುವುದು ಇನ್ನೊಂದು ಕೈಯೇ ಎಂಬುದು ಎರಡೂ ಕಲಸಿಹೋದ ಮೇಲೆ ಹೊಳೆಯಿತು. ಆಮೇಲೆ ಒಂದು ಉಪಾಯಕ್ಕೆ ಕೆಲವು ದಿನ ಎಂದು ಗೊತ್ತುಮಾಡಿಕೊಂಡು, ತೊಳೆದ ಕೈಯನ್ನು ಬಿಳಿಯ ಬನಿಯನ್ ತುಂಡಿಗೆ ಒರೆಸಿ, ಉಳಿದ ಕಲೆಯನ್ನು ನೋಡುತ್ತ ಬಂದೆ.

ವೇಗದಲ್ಲಿ ಸೀಮೆಎಣ್ಣೆಯನ್ನು ಮೀರಿಸುವುದು ಕಷ್ಟ. ಅರ್ಧ ನಿಮಿಷದಲ್ಲಿ ಗ್ರೀಸು ಕರಗಿ ಇಳಿಯುತ್ತದೆ, ಆದರೆ ಚರ್ಮದ ಸ್ವಂತ ಜಿಡ್ಡೂ ಅದರೊಂದಿಗೆ ಹೋಗುತ್ತದೆ. ಎರಡು ಸಲ ಸಾಬೂನು ಹಚ್ಚಿದರೂ ರೊಟ್ಟಿ ಮುರಿಯುವಾಗ ಅದರ ವಾಸನೆ ಮೂಗಿಗೆ ಬಡಿಯಿತು. ಪೆಟ್ರೋಲನ್ನು ನಾನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ. ಅದರಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ, ಚರ್ಮದ ಮೂಲಕವೂ ದೇಹ ಸೇರುತ್ತದೆ. ನಿಂಬೆಹಣ್ಣು ಮತ್ತು ಉಪ್ಪು ವಾಸನೆ ತೆಗೆದವೇ ಹೊರತು ಗ್ರೀಸನ್ನಲ್ಲ. ತರಚಿದ ಗಾಯವಿದ್ದರೆ ಉರಿಯಂತೂ ಖಚಿತ.

ಬಟ್ಟೆ ತೊಳೆಯುವ ಸೋಪಿನ ಪುಡಿಗೆ ಸಮಪಾಲು ಕಟ್ಟಿಗೆ ಹೊಟ್ಟು ಬೆರೆಸುವುದು ಗ್ಯಾರೇಜಿನ ಹಳೆಯ ಪದ್ಧತಿ. ಹೊಟ್ಟು ಎಣ್ಣೆಯನ್ನು ಹೀರುತ್ತ, ಅದೇ ಹೊತ್ತಿಗೆ ತಿಕ್ಕುವ ಕೆಲಸವನ್ನೂ ಮಾಡುತ್ತದೆ. ಬೋರಿನ ಗಡಸು ನೀರಿನಲ್ಲಿ ಮೈಗೆ ಹಚ್ಚುವ ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ನೊರೆಯ ಬದಲು ಗಸಿಯಾಗುವುದುಂಟು. ಸೋಪಿನ ಪುಡಿಗೆ ಆ ತೊಂದರೆ ಕಡಿಮೆ. ಬನಿಯನ್ ತುಂಡಿನಲ್ಲಿ ಉಳಿದ ಕಲೆಯೂ ಅತ್ಯಲ್ಪ. ಆದರೆ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಮೇಲಿದ್ದರೆ ಕ್ಷಾರ) ಸುಮಾರು 5.5 ಇದ್ದರೆ, ಈ ಪುಡಿಯ ದ್ರಾವಣದ್ದು 10ರ ಸುಮಾರಿಗೆ ಇರುತ್ತದೆ. ನಾಲ್ಕನೆಯ ದಿನಕ್ಕೆ ನನ್ನ ಬೆರಳಿನ ಗೆಣ್ಣುಗಳು ಬಿರಿದವು. ಆ ಬಿರುಕಿನೊಳಗೆ ಸೇರಿದ ಕಪ್ಪು ಯಾವುದಕ್ಕೂ ಬಗ್ಗಲಿಲ್ಲ. ಅಂದರೆ ಈ ಉಪಾಯ ಇಂದಿನ ಕೈಯನ್ನು ತೊಳೆದು ನಾಳೆಯ ಕೈಯನ್ನು ಕೆಡಿಸುತ್ತದೆ.

ನಂತರ ಶೇಂಗಾ ಎಣ್ಣೆ ಮತ್ತು ಸಕ್ಕರೆಯ ಸರದಿ. ಜಿಡ್ಡಿಗೆ ಮತ್ತೆ ಜಿಡ್ಡು ಹಚ್ಚುವುದು ವಿಚಿತ್ರವೆನಿಸಬಹುದು. ಆದರೆ ಗ್ರೀಸು ಎಂದರೆ ಗಟ್ಟಿಗೊಳಿಸಿದ ಎಣ್ಣೆಯೇ. ಲಿಥಿಯಂ ಗ್ರೀಸಿನಲ್ಲಿ ಎಣ್ಣೆಯನ್ನು ಹಿಡಿದಿಡುವುದು ಸಾಮಾನ್ಯವಾಗಿ ಔಡಲ ಎಣ್ಣೆಯಿಂದ ಪಡೆದ ಕೊಬ್ಬಿನಾಮ್ಲದ ಲಿಥಿಯಂ ಸಾಬೂನು. ಅದು ನೀರಿಗೆ ಜಗ್ಗುವುದಿಲ್ಲ, ತೆಳುವಾದ ಇನ್ನೊಂದು ಎಣ್ಣೆ ಸೇರಿದರೆ ಸಡಿಲವಾಗುತ್ತದೆ. ಕ್ರಮ ತಪ್ಪಬಾರದು: ಒಣ ಕೈಗೆ ಒಂದು ಚಮಚ ಎಣ್ಣೆ, ಒಂದು ಚಮಚ ಸಕ್ಕರೆ ಹಾಕಿ ಎರಡು ನಿಮಿಷ ತಿಕ್ಕಬೇಕು, ವೇಸ್ಟ್ ಬಟ್ಟೆಯಿಂದ ಪೂರ್ತಿ ಒರೆಸಬೇಕು, ಬಳಿಕ ಪಾತ್ರೆ ತೊಳೆಯುವ ಸಾಬೂನು, ನೀರು ಎಲ್ಲಕ್ಕೂ ಕೊನೆಗೆ. ಅವಸರದಲ್ಲಿ ಮೊದಲೇ ಕೈ ಒದ್ದೆ ಮಾಡಿಕೊಂಡ ದಿನ ಸಕ್ಕರೆ ಕರಗಿಹೋಗಿ, ಪಾಕ ಮೆತ್ತಿದ ಕಪ್ಪು ಕೈ ಉಳಿಯಿತು. ಸರಿಯಾಗಿ ಮಾಡಿದ ದಿನಗಳಲ್ಲಿ ಒಂದೇ ತಂಬಿಗೆ ನೀರು ಸಾಕಾಯಿತು, ವಾಸನೆ ಉಳಿಯಲಿಲ್ಲ, ವಾರ ಕಳೆದರೂ ಚರ್ಮ ಬಿರಿಯಲಿಲ್ಲ. ಬಳಸಿ ಬಿಟ್ಟ ಇಂಜಿನ್ ಆಯಿಲಿನ ಮಸಿಗೆ ಮಾತ್ರ ಇದು ಸಾಲದು; ಸಾಬೂನು ಹಚ್ಚುವಾಗ ಹಳೆಯ ಹಲ್ಲುಜ್ಜುವ ಬ್ರಷ್ ಬೇಕೇ ಬೇಕು.

ಕಿತ್ತಳೆ ವಾಸನೆಯ, ಮೆಕ್ಯಾನಿಕ್‌ಗಳಿಗೆಂದೇ ಮಾರುವ ಜೆಲ್ ಆ ಮಸಿಯನ್ನೂ ತೆಗೆದ ಏಕೈಕ ವಸ್ತು. ನಾನು ತಂದ ಡಬ್ಬಿಯಲ್ಲಿ ಕಿತ್ತಳೆ ಸಿಪ್ಪೆಯಿಂದ ದೊರೆಯುವ ಲಿಮೋನೀನ್ ಎಂಬ ದ್ರಾವಕವೂ ತಿಕ್ಕಲು ಪ್ಯೂಮಿಸ್ ಕಲ್ಲಿನ ಪುಡಿಯೂ ಇದ್ದವು. ನೀರಿಲ್ಲದೆಯೂ ಒರೆಸಿಕೊಳ್ಳಬಹುದಾದ್ದರಿಂದ, ಹಾವೇರಿ ದಾರಿಯಲ್ಲಿ ಕೆಟ್ಟು ನಿಂತ ಗಾಡಿಯ ಕೆಲಸಕ್ಕೆ ಹೋಗುವಾಗ ಅದನ್ನೇ ಒಯ್ಯುತ್ತೇನೆ. ಗಾಳಿ ತಗುಲಿ ಹಳತಾದ ಲಿಮೋನೀನ್ ಕೆಲವರ ಚರ್ಮಕ್ಕೆ ಅಲರ್ಜಿ ತರಬಲ್ಲದು, ಬೆಲೆಯೂ ಹೆಚ್ಚು. ದಿನಕ್ಕೆ ಮೂರು ಸಲ ಕೈ ತೊಳೆಯುವವನಿಗೆ ಡಬ್ಬಿ ಬೇಗ ಬರಿದಾಗುತ್ತದೆ.

ಉಗುರಿನ ಸಂದಿಯಲ್ಲಿ ಎಲ್ಲವೂ ಸೋತವು. ಅದಕ್ಕೆ ಕೆಲಸ ಆರಂಭಿಸುವ ಮೊದಲೇ ಒದ್ದೆ ಸಾಬೂನನ್ನು ಉಗುರಿನಿಂದ ಗೀರಿ ಸಂದಿ ತುಂಬಿಕೊಳ್ಳುವುದನ್ನು ರೂಢಿಸಿಕೊಂಡಿದ್ದೇನೆ. ಗ್ರೀಸಿಗೆ ಅಲ್ಲಿ ಜಾಗವೇ ಸಿಗುವುದಿಲ್ಲ. ಮನೆಯಲ್ಲಿ ಕುಸುಬಿ ಎಣ್ಣೆ ಇದ್ದರೂ ಗ್ಯಾರೇಜಿಗೆ ಶೇಂಗಾ ಎಣ್ಣೆಯನ್ನೇ ತರುತ್ತೇನೆ, ಏಕೆಂದರೆ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಗುಣದ್ದು, ಅದನ್ನು ಹೀರಿದ ಬಟ್ಟೆಗಳನ್ನು ಒಟ್ಟಿಟ್ಟರೆ ತಾನಾಗಿಯೇ ಬಿಸಿಯೇರುವ ಅಪಾಯವಿದೆ. ಶೇಂಗಾ ಎಣ್ಣೆಯ ಬಟ್ಟೆಯನ್ನೂ ನಾನು ಮೂಲೆಗೆ ಗುಡ್ಡೆ ಹಾಕದೆ ಹೊರಗಿನ ತಂತಿಯ ಮೇಲೆ ಹರವುತ್ತೇನೆ.